ಆಟಿಕೆ ಚೀಲ ಹೊತ್ತು ಬಂದವರು

ಬಡವರ ಮಗುವಿಗೆ ಹಾಲು, ಮೊಟ್ಟೆ ಕೊಟ್ಟರೆ ಸಾಕು ಎಂದು ನಂಬಿದವರು ಜಮೈಕಾದ ಪ್ರಯೋಗವನ್ನು ಗಮನವಿಟ್ಟು ನೋಡಬೇಕು. 1986ರ ಸುಮಾರಿಗೆ ಕಿಂಗ್‌ಸ್ಟನ್ ನಗರದ ಬಡ ಬಡಾವಣೆಗಳಲ್ಲಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಮತ್ತು ಸಂಗಡಿಗರು, ವಯಸ್ಸಿಗೆ ತಕ್ಕ ಎತ್ತರ ಬೆಳೆಯದ 129 ಮಕ್ಕಳನ್ನು ಆರಿಸಿಕೊಂಡರು. ಎಲ್ಲರೂ 9ರಿಂದ 24 ತಿಂಗಳವರು. ಕೆಲವರಿಗೆ ವಾರಕ್ಕೊಂದು ಕಿಲೋ ಹಾಲುಪುಡಿಯ ಪೂರಕ ಆಹಾರ, ಕೆಲವರಿಗೆ ವಾರಕ್ಕೊಮ್ಮೆ ಗಂಟೆ ಹೊತ್ತಿನ ಮನೆಭೇಟಿ, ಕೆಲವರಿಗೆ ಎರಡೂ, ಉಳಿದವರಿಗೆ ಯಾವುದೂ ಇಲ್ಲ. ಎರಡು ವರ್ಷ ಹೀಗೆ ನಡೆಯಿತು.

ಮನೆಗೆ ಬರುತ್ತಿದ್ದವರು ಆರೋಗ್ಯ ಸಹಾಯಕಿಯರು. ಅವರ ಚೀಲದಲ್ಲಿ ಖಾಲಿ ಪ್ಲಾಸ್ಟಿಕ್ ಬಾಟಲಿ, ರಟ್ಟಿನ ತುಂಡುಗಳಿಂದ ಮಾಡಿದ ಆಟಿಕೆ, ಕೈಯಾರೆ ಮಾಡಿದ ಚಿತ್ರಪುಸ್ತಕ. ಸಹಾಯಕಿ ಒಂದಿಷ್ಟು ಆಡಿ ತೋರಿಸಿ ಆಟಿಕೆಯನ್ನು ತಾಯಿಯ ಕೈಗೆ ಕೊಡುತ್ತಿದ್ದಳು. ತಾಯಿ ಮಗುವನ್ನು ಆಡಿಸಿ ಮಾತನಾಡಿಸಿದರೆ ಬಾಯ್ತುಂಬ ಮೆಚ್ಚುತ್ತಿದ್ದಳು. ಆಟಿಕೆ ಆ ಮನೆಯಲ್ಲೇ ಉಳಿಯುತ್ತಿತ್ತು. ಮುಂದಿನ ವಾರ ಅದರ ಬದಲು ಇನ್ನೊಂದು. ಬಡತಾಯಿಗೆ ಬುದ್ಧಿ ಹೇಳಲು ಬರುವವರು ಎಲ್ಲ ಕಾಲಕ್ಕೂ ಇದ್ದಾರೆ. ಅವಳನ್ನು ನಂಬಿ, ಅವಳ ಕೈಯಿಂದಲೇ ಕೆಲಸ ಮಾಡಿಸಿದ್ದು ಈ ಪ್ರಯೋಗದ ನಿಜವಾದ ಹೆಚ್ಚುಗಾರಿಕೆ.

ಸುಮಾರು ಇಪ್ಪತ್ತು ವರ್ಷದ ನಂತರ ನೋಡಿದರೆ, ಮನೆಭೇಟಿ ಪಡೆದ ಮಕ್ಕಳ ಗಳಿಕೆ ಪಡೆಯದವರಿಗಿಂತ ಶೇ 25ರಷ್ಟು ಹೆಚ್ಚಾಗಿತ್ತು. ಬರೀ ಆಹಾರ ಪಡೆದವರಲ್ಲಿ ಅಂಥ ಬಾಳುವ ಫಲ ಕಾಣಲಿಲ್ಲ.

ಹೀಗಿದ್ದರೂ ನನ್ನ ತಕರಾರು ಎರಡಿವೆ. ತಂದೆಯ ಪಾಲು ಇಲ್ಲಿ ಬಹುತೇಕ ಶೂನ್ಯ. ಕೂಲಿ, ಅಡುಗೆ, ನೀರು ಎಲ್ಲವನ್ನೂ ಹೊತ್ತ ತಾಯಿಯ ತಲೆಗೆ ಇನ್ನೊಂದು ಹೊಣೆ ಬಿತ್ತು. ಎರಡನೆಯದು, ನೂರಿಪ್ಪತ್ತೊಂಬತ್ತು ಮಕ್ಕಳ ಮೇಲೆ ಕಂಡದ್ದು ಲಕ್ಷ ಮಕ್ಕಳಿಗೆ ತಲುಪುವಾಗ ತೆಳುವಾಗುತ್ತದೆ. ಇದೇ ಜಾಡಿನಲ್ಲಿ ಪೆರು ದೇಶ ಹಳ್ಳಿಗಳಲ್ಲಿ ನಡೆಸಿದ 'ಕುನಾ ಮಾಸ್' ಮನೆಭೇಟಿಗಳಿಂದ ಮಕ್ಕಳಿಗೆ ಒಳಿತಾಯಿತು, ಜಮೈಕಾದಷ್ಟಲ್ಲ. ಒಡಿಶಾದಲ್ಲಿ ಹಳ್ಳಿಯ ತಾಯಂದಿರನ್ನು ಗುಂಪಾಗಿ ಕೂಡಿಸಿ ಮಾಡಿದ ಪ್ರಯತ್ನ ಕಡಿಮೆ ಖರ್ಚಿನಲ್ಲಿ ಮನೆಭೇಟಿಗೆ ಸಮನಾದ ಫಲ ಕೊಟ್ಟದ್ದು ಭರವಸೆಯ ಸಂಗತಿ.

ಕೇಂದ್ರ ಸರ್ಕಾರ 2024ರಲ್ಲಿ 'ನವಚೇತನ' ಎಂಬ ಹೆಸರಿನಲ್ಲಿ ಹುಟ್ಟಿನಿಂದ ಮೂರು ವರ್ಷದವರೆಗಿನ ಮಕ್ಕಳ ಆಟಪಾಠಕ್ಕೆ ಚೌಕಟ್ಟು ರೂಪಿಸಿದೆ. ಅದನ್ನು ಮನೆಮನೆಗೆ ಒಯ್ಯಬೇಕಾದವರು ಅಂಗನವಾಡಿ ಕಾರ್ಯಕರ್ತೆಯರು. ಆಹಾರ ಹಂಚಿಕೆ, ತೂಕ, ದಾಖಲೆ, ಸಮೀಕ್ಷೆ ಎಲ್ಲವನ್ನೂ ಮಾಡುತ್ತ ಗೌರವಧನಕ್ಕೆ ದುಡಿಯುತ್ತಿರುವವರ ಮೇಲೆ ಇದನ್ನೂ ಹೇರಿದರೆ ಚೌಕಟ್ಟು ಕಾಗದದಲ್ಲೇ ಉಳಿಯುತ್ತದೆ. ಈ ಕೆಲಸಕ್ಕೆಂದೇ ಪ್ರತಿ ಕೇಂದ್ರಕ್ಕೂ ಇನ್ನೊಬ್ಬ ಕಾರ್ಯಕರ್ತೆಯನ್ನು, ತಕ್ಕ ಸಂಬಳ ಕೊಟ್ಟು, ಸರ್ಕಾರ ನೇಮಿಸಲಿ.