ಮೆಟಡೋರ್‌ಗೇಕೆ ಸಾಲಿನಲ್ಲಿ ಜಾಗವಿಲ್ಲ?

ಯುರೋಪಿನ ಹಳೆಯ ಕ್ಯಾಂಪರ್ ವ್ಯಾನ್ ಮೇಳಗಳ ಚಿತ್ರಗಳು ಈಗ ಎಲ್ಲರ ಮೊಬೈಲಿನಲ್ಲೂ ಓಡಾಡುತ್ತವೆ. ಎರಡು ಬಣ್ಣದ ಫೋಕ್ಸ್‌ವ್ಯಾಗನ್‌ಗಳು ಸಾಲಾಗಿ ನಿಂತಿರುತ್ತವೆ. ನೋಡಿದವರು, ‘ನಮ್ಮವರಿಗೆ ಹಳೆಯದರ ಬೆಲೆಯೇ ಗೊತ್ತಿಲ್ಲ ಬಿಡಿ’ ಎಂದುಬಿಡುತ್ತಾರೆ. ನಮ್ಮೂರಿನ ಎಸ್.ಎಸ್. ಬಡಾವಣೆಯಲ್ಲಿ ಬೆಳಗಿನ ವಾಕಿಂಗ್ ಮುಗಿಸಿ ಚಹಾಕ್ಕೆ ನಿಂತವರಲ್ಲೂ ಈ ಮಾತಿಗೆ ತಲೆಯಾಡಿಸುವವರೇ ಹೆಚ್ಚು. ನನಗೆ ಒಪ್ಪಿಗೆಯಿಲ್ಲ. ಬೆಲೆ ಗೊತ್ತಿದೆ, ತೂಗುವ ತಕ್ಕಡಿ ಮಾತ್ರ ನಮ್ಮದಲ್ಲ.

ಆ ಮೇಳಗಳಲ್ಲಿ ಮರ್ಯಾದೆಯೆಲ್ಲ ‘ಒರಿಜಿನಲ್’ಗೆ. ಆದರೆ ಆ ಫೋಕ್ಸ್‌ವ್ಯಾಗನ್ ಗಾಡಿಯ ಹುಟ್ಟು ನೋಡಿ. ಬೆನ್ ಪಾನ್ ಎಂಬ ಡಚ್ ವ್ಯಾಪಾರಿ, ವುಲ್ಫ್ಸ್‌ಬರ್ಗ್ ಕಾರ್ಖಾನೆಯೊಳಗೆ ಬಿಡಿಭಾಗ ಸಾಗಿಸುವ ಬಂಡಿಯನ್ನು ಕಂಡು 1947ರಲ್ಲಿ ಗೀಚಿಕೊಂಡ ಚಿತ್ರವೇ ಅದರ ಮೂಲ. 1950ರಲ್ಲಿ ತಯಾರಿಕೆ ಶುರುವಾದಾಗ ಅದು ಜನ, ಸರಕು ಹೊರುವ ಗಾಡಿ. ಮಂಚ, ಅಡುಗೆ ಕಪಾಟು ಕೂರಿಸಿದ್ದು ವೆಸ್ಟ್‌ಫಾಲಿಯಾದಂಥ ಬೇರೆ ಕಂಪನಿಗಳು. ಆಲ್ಟರ್ ಮಾಡದೇ ಇದ್ದಿದ್ದರೆ ಕ್ಯಾಂಪರ್ ವ್ಯಾನೇ ಇರುತ್ತಿರಲಿಲ್ಲ!

ನಮ್ಮ ಮೆಟಡೋರ್‌ದೂ ಜರ್ಮನ್ ಮೂಲವೇ. ಪುಣೆಯ ಬಜಾಜ್ ಟೆಂಪೋ ಅದನ್ನು ತಯಾರಿಸಿತು. ಎಂಜಿನ್ ಬಲ ಮುಂದಿನ ಗಾಲಿಗೇ ಹೋಗುವುದರಿಂದ ಹಿಂದಿನ ತಳ ತಗ್ಗು. ಮೂಟೆ ಏರಿಸುವುದೂ ಸಲೀಸು, ಮುದುಕಿಯರು ಹತ್ತುವುದೂ ಸಲೀಸು. ಅಮಾವಾಸ್ಯೆಗೆ ಉಕ್ಕಡಗಾತ್ರಿಯ ಅಜ್ಜಯ್ಯನ ದರ್ಶನಕ್ಕೆ ಹೊರಟರೆ ಒಳಗೆ ಜಮಖಾನ, ಸ್ಟವ್, ಬುತ್ತಿಗಂಟು, ಮಲಗಿದ ಮಕ್ಕಳು. ತುಂಗಭದ್ರೆಯ ದಂಡೆಯಲ್ಲಿ ಗಾಡಿಯ ನೆರಳೇ ಅಡುಗೆಮನೆ. ಇದು ಕ್ಯಾಂಪರ್ ವ್ಯಾನ್ ಅಲ್ಲದಿದ್ದರೆ ಮತ್ತೇನು?

ಇನ್ನು ರಿಪೇರಿ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಕಾರ್ಖಾನೆ ಬಾಗಿಲು ಹಾಕಿ ವರ್ಷಗಳಾದವು. ಆದರೆ ಲೇತ್ ಕೆಲಸ ಈ ಸೀಮೆಯಲ್ಲಿ ನಿಂತಿಲ್ಲ. ಸ್ಪೇರ್ ಸಿಗದಿದ್ದರೆ ಸವೆದ ಬುಷ್ ಕೈಗಿಟ್ಟು, ‘ಇದರಂಗೇ ಒಂದು ಕಡ್ದು ಕೊಡಣ್ಣ’ ಎಂದರಾಯಿತು. ಮೇಳದ ತೀರ್ಪುಗಾರರು ಇಂಥ ಬುಷ್ಷಿಗೆ ಅಂಕ ಕಳೆಯುತ್ತಾರೆ. ನನ್ನ ಲೆಕ್ಕದಲ್ಲಿ ಆ ಗಾಡಿಯಲ್ಲಿ ನಮ್ಮೂರಿನ ಚರಿತ್ರೆ ಅಂತ ಇರುವುದು ಅದೊಂದೇ; ಉಳಿದದ್ದು ಪುಣೆಯದು.

ಸರ್ಕಾರಿ ನಿಯಮವೂ ಇದೇ ತಕ್ಕಡಿ ಹಿಡಿದಿದೆ. 2021ರ ಕೇಂದ್ರದ ನಿಯಮದಂತೆ ವಿಂಟೇಜ್ ಎನಿಸಿಕೊಳ್ಳಲು ಗಾಡಿಗೆ 50 ವರ್ಷ ದಾಟಿರಬೇಕು, ಸ್ವಂತ ಬಳಕೆಯದಾಗಿರಬೇಕು. ಷಾಸಿ, ಬಾಡಿ, ಎಂಜಿನ್ ದೊಡ್ಡ ಮಟ್ಟದಲ್ಲಿ ಬದಲಾಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ. ಶೆಡ್ಡಿನಲ್ಲಿ ಮಲಗಿದ್ದ ಶ್ರೀಮಂತರ ಕಾರು ಸುಲಭವಾಗಿ ಪಾಸು. ಬಾಡಿಗೆಗೆ ದುಡಿದು, ಬಾಡಿ ಬದಲಿಸಿಕೊಂಡ ಮೆಟಡೋರ್‌ಗೆ ಉಳಿಯುವುದು ಗುಜರಿಯ ದಾರಿ.

ಮೂಲರೂಪ ಕೆಟ್ಟರೆ ಇತಿಹಾಸ ಕೆಡುತ್ತದೆ ಎಂಬ ವಾದ ಪೂರ್ತಿ ಸುಳ್ಳಲ್ಲ. ಮ್ಯೂಸಿಯಂನಲ್ಲಿ ಒಂದು ಹಾಗೆಯೇ ಇರಲಿ, ಸಂತೋಷ. ಆದರೆ ಎಸ್.ಎಸ್. ಬಡಾವಣೆಯ ಅಗಲ ರಸ್ತೆಯಲ್ಲಿ ಯಾರಾದರೂ ಹಳೇ ಗಾಡಿಗಳ ಮೇಳ ಮಾಡುವುದಾದರೆ, ಪ್ರತಿ ಗಾಡಿಯ ಮುಂದಿನ ಬೋರ್ಡಿನಲ್ಲಿ ಮಾಡೆಲ್, ಇಸವಿಯ ಕೆಳಗೆ ಬಾಡಿ ಕಟ್ಟಿದವರು, ಎಂಜಿನ್ ಇಳಿಸಿದ ಮೇಸ್ತ್ರಿ, ಲೇತ್ ಅಂಗಡಿ, ಇಷ್ಟೂ ಬರೆಯಿಸಲಿ. ಬಹುಮಾನವನ್ನು ಆ ಪಟ್ಟಿ ಉದ್ದವಿರುವ ಗಾಡಿಗೆ ಕೊಡಲಿ.