ಕ್ರೈಸ್ತ ಶ್ರದ್ಧೆ ಮತ್ತು ಸಾಂಸ್ಕೃತಿಕ ಅಸ್ಮಿತೆ: ಮಾರ್ಗ–ದೇಸಿಗಳ ನೆಲೆಯಲ್ಲಿ ಒಂದು ವಿವೇಚನೆ

ಕ್ರೈಸ್ತ ಶ್ರದ್ಧೆಯ ಅನುಸರಣೆಯಲ್ಲಿ ಸಾಂಸ್ಕೃತಿಕ ಅಸ್ಮಿತೆಗೆ ಸ್ಥಾನವಿದೆಯೇ ಎಂಬ ಪ್ರಶ್ನೆ ಆ ಧರ್ಮದಷ್ಟೇ ಹಳೆಯದು. ಯೆಹೂದ್ಯೇತರರು ಕ್ರಿಸ್ತಾನುಯಾಯಿಗಳಾಗಬೇಕಾದರೆ ಮೊದಲು ಸುನ್ನತಿ ಮಾಡಿಸಿಕೊಳ್ಳಬೇಕೇ ಎಂಬುದು ಆದಿಸಭೆಯನ್ನು ಕಾಡಿದ ವಿವಾದ. ‘ಅಪೊಸ್ತಲರ ಕೃತ್ಯಗಳು’ ಗ್ರಂಥದ 15ನೆಯ ಅಧ್ಯಾಯದ ಪ್ರಕಾರ, ಯೆರೂಸಲೇಮಿನಲ್ಲಿ ಸಭೆ ಸೇರಿದ ಹಿರಿಯರು ಸುನ್ನತಿಯನ್ನು ಕಡ್ಡಾಯಗೊಳಿಸಲಿಲ್ಲ. ವಿಗ್ರಹಗಳಿಗೆ ಅರ್ಪಿಸಿದ ಆಹಾರವನ್ನು ವರ್ಜಿಸುವುದೇ ಮೊದಲಾದ ಕೆಲವು ನಿಯಮಗಳನ್ನು ಮಾತ್ರ ವಿಧಿಸಿದರು. ಈ ತೀರ್ಮಾನಕ್ಕೆ ಎರಡು ಮುಖಗಳಿವೆ. ಅನ್ಯರ ಅಸ್ಮಿತೆಯನ್ನು ಹೊಸಬರು ಹೊರಬೇಕಾಗಿಲ್ಲ ಎಂಬುದು ಒಂದು. ತಮ್ಮ ಹಳೆಯ ಬದುಕಿನ ಕೆಲವಂಶಗಳನ್ನು ಬಿಡಲೇಬೇಕು ಎಂಬುದು ಇನ್ನೊಂದು. ಭಾರತದಲ್ಲಿ ಕ್ರೈಸ್ತಧರ್ಮದ ದೇಸೀಕರಣವನ್ನು ಕುರಿತ ಚರ್ಚೆಗಳೆಲ್ಲ ಈ ಎರಡು ಮುಖಗಳ ನಡುವೆಯೇ ಸುಳಿದಾಡಿವೆ. ಆದರೆ ಬಿಡಬೇಕಾದುದು ಯಾವುದು, ಉಳಿಸಿಕೊಳ್ಳಬಹುದಾದುದು ಯಾವುದು ಎಂಬುದನ್ನು ನಿರ್ಧರಿಸಿದವರು ಯಾರು ಎಂಬ ಪ್ರಶ್ನೆಗೆ ದೊರೆಯಬೇಕಾದಷ್ಟು ಗಮನ ದೊರೆತಿಲ್ಲ.

1606ರಲ್ಲಿ ಮದುರೆಗೆ ಬಂದ ಇಟಲಿಯ ಜೆಸುಯಿಟ್ ಪಾದ್ರಿ ರಾಬರ್ಟ್ ಡಿ ನೊಬಿಲಿ ಸಂನ್ಯಾಸಿಯ ಉಡುಪನ್ನೂ ಸಸ್ಯಾಹಾರವನ್ನೂ ಸ್ವೀಕರಿಸಿದನು. ಜನಿವಾರ, ಶಿಖೆಗಳು ಸಾಮಾಜಿಕ ಚಿಹ್ನೆಗಳೇ ಹೊರತು ಧಾರ್ಮಿಕ ಚಿಹ್ನೆಗಳಲ್ಲ. ಆದ್ದರಿಂದ ಮತಾಂತರಿತರು ಅವನ್ನು ಉಳಿಸಿಕೊಳ್ಳಬಹುದು ಎಂಬುದು ಅವನ ವಾದವಾಗಿತ್ತು. 1623ರಲ್ಲಿ ಪೋಪ್ ಹದಿನೈದನೆಯ ಗ್ರೆಗರಿ ಕೆಲವು ಷರತ್ತುಗಳೊಂದಿಗೆ ಇದಕ್ಕೆ ಸಮ್ಮತಿಯಿತ್ತರು. ಅದೇ ಶತಮಾನದಲ್ಲಿ ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದ ಲಿಯೊನಾರ್ಡೊ ಚಿನ್ನಮಿಯೂ ಈ ಜಾಡನ್ನೇ ಹಿಡಿದನು. ಇಲ್ಲಿ ಸಂಸ್ಕೃತಿಯೆಂಬುದು ಶ್ರದ್ಧೆಯ ಮೇಲಿನ ಉಡುಪು. ದೇಹವನ್ನು ಮುಟ್ಟದೆ ಅದನ್ನು ಬದಲಿಸಬಹುದು ಎಂಬ ಗ್ರಹಿಕೆಯಿದೆ. ಆದರೆ ಆರಿಸಿಕೊಂಡ ಉಡುಪು ಮೇಲ್ಜಾತಿಯದಾಗಿದ್ದಿತು. ಅದನ್ನು ಉಳಿಸಿಕೊಳ್ಳುವುದೆಂದರೆ ಜಾತಿಭೇದವನ್ನೂ ಸಭೆಯೊಳಕ್ಕೆ ಬರಮಾಡಿಕೊಳ್ಳುವುದೆಂದೇ ಆಯಿತು.

ಕರ್ನಾಟಕದ ಕರಾವಳಿಯಲ್ಲಿ ಈ ಸಮಸ್ಯೆ ಬೇರೆ ರೂಪದಲ್ಲಿ ತಲೆದೋರಿತು. 1834ರಲ್ಲಿ ಮಂಗಳೂರಿನಲ್ಲಿ ಕಾರ್ಯಾರಂಭ ಮಾಡಿದ ಬಾಸೆಲ್ ಮಿಶನ್ ಜಾತಿಯಾಚರಣೆಯನ್ನು ಒಪ್ಪಲಿಲ್ಲ. ಸಾಹಿತ್ಯದ ಮಟ್ಟಿಗೆ ಮಾತ್ರ ಅದರ ಕೆಲವು ಪಾದ್ರಿಗಳು ನಾಡಿನ ಪರಂಪರೆಯನ್ನು ಗೌರವದಿಂದ ಕಂಡರು. ಮೋಗ್ಲಿಂಗರು ಪ್ರಾಚೀನ ಕಾವ್ಯಗಳನ್ನು ಕಲ್ಲಚ್ಚಿನಲ್ಲಿ ಪ್ರಕಟಿಸಿದರು. ಫರ್ಡಿನೆಂಡ್ ಕಿಟ್ಟೆಲ್ಲರು 1862ರ ತಮ್ಮ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದೋಬಂಧಗಳಿಗೆ ಇಳಿಸಿದರು. ಕ್ರಿಸ್ತಕಥೆಯು ಕನ್ನಡ ಕಾವ್ಯದ ಲಯದಲ್ಲಿ ಸಲ್ಲಬಲ್ಲದು ಎಂಬ ನಂಬಿಕೆ ಆ ಕೃತಿಯ ಮೂಲದಲ್ಲಿದೆ. ಹೊರಗಿನಿಂದ ಬಂದ ಧರ್ಮವೊಂದು ತನ್ನ ಕಥನಕ್ಕೆ ಈ ನಾಡಿನ ಕಾವ್ಯಮಾರ್ಗವನ್ನು ಬೇಡಿದ ಈ ಪ್ರಯತ್ನದ ಚಾರಿತ್ರಿಕ ಮಹತ್ವವನ್ನು ಅಲ್ಲಗಳೆಯುವಂತಿಲ್ಲ.

ಆದರೆ ‘ಕಥಾಮಾಲೆ’ಯನ್ನು ಅದೇ ಮಿಶನ್ನಿನ ಇನ್ನೊಂದು ಪ್ರಕಟಣೆಯ ಪಕ್ಕದಲ್ಲಿಟ್ಟು ನೋಡಿದಾಗ ಬೇರೊಂದು ಸಂಗತಿ ಗೋಚರಿಸುತ್ತದೆ. ತುಳು ನಿಘಂಟನ್ನು ರಚಿಸಿದ ಎ. ಮ್ಯಾನರ್ 1886ರಲ್ಲಿ ಪಾಡ್ದನಗಳ ಸಂಗ್ರಹವೊಂದನ್ನು ಅಚ್ಚು ಹಾಕಿಸಿದರು. ಕರಾವಳಿಯಲ್ಲಿ ಕ್ರೈಸ್ತರಾದವರಲ್ಲಿ ಬಿಲ್ಲವರ ಸಂಖ್ಯೆ ಗಣನೀಯವಾಗಿತ್ತು. ಪಾಡ್ದನವು ಅವರ ಹಿರಿಯರ ಬಾಯಲ್ಲಿ ಹರಿದುಬಂದ ಹಾಡು. ಅದು ಅಚ್ಚಿನ ಪುಟವನ್ನು ಸೇರಿತೇ ಹೊರತು ಆರಾಧನೆಯನ್ನು ಸೇರಲಿಲ್ಲ. ಆರಾಧನೆಯಲ್ಲಿ ಕನ್ನಡ, ತುಳು ಕೀರ್ತನೆಗಳು ಬಹುಮಟ್ಟಿಗೆ ಜರ್ಮನ್ ರಾಗಗಳಲ್ಲಿ ಕೇಳಿಬಂದವು. ಓದುಬಲ್ಲವರ ಕಾವ್ಯರೂಪಕ್ಕೆ ಕ್ರಿಸ್ತಕಥೆಯನ್ನು ಹೇಳುವ ಅರ್ಹತೆ ದೊರೆಯಿತು. ಸಭೆಯಲ್ಲಿ ಕುಳಿತವರ ಸ್ವಂತ ಹಾಡು ಭಾಷಾಧ್ಯಯನದ ಸಾಮಗ್ರಿಯಾಯಿತು. ಕನ್ನಡ ವಿಮರ್ಶೆಗೆ ಪರಿಚಿತವಾದ ಪರಿಭಾಷೆಯಲ್ಲಿ ಹೇಳುವುದಾದರೆ, ಮಾರ್ಗಕ್ಕೆ ದೊರೆತ ಮನ್ನಣೆ ದೇಸಿಗೆ ದೊರೆಯಲಿಲ್ಲ.

ಇದನ್ನು ಕೇವಲ ಪಾದ್ರಿಗಳ ತಾತ್ಸಾರವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಪಾಡ್ದನವು ಭೂತಾರಾಧನೆಯ ಅಂಗ. ಛಂದಸ್ಸನ್ನು ಪುರಾಣದಿಂದ ಬಿಡಿಸಿಕೊಂಡಂತೆ ಅದನ್ನು ಭೂತದಿಂದ ಬಿಡಿಸಿಕೊಳ್ಳುವುದು ಸುಲಭಸಾಧ್ಯವಲ್ಲ. ಉಡುಪಿನ ರೂಪಕ ಸೋಲುವುದೂ ಇಲ್ಲಿಯೇ. ತುಳುನಾಡಿನಲ್ಲಿ ಭೂತವೆಂಬುದು ಪೂಜೆಯಷ್ಟೇ ಅಲ್ಲ. ಕುಟುಂಬದ ಬಾಂಧವ್ಯ, ಭೂಮಿಯ ಸಂಬಂಧ, ನ್ಯಾಯತೀರ್ಮಾನಗಳೆಲ್ಲ ಅದರ ಸುತ್ತ ಹೆಣೆದುಕೊಂಡಿವೆ. ಅದನ್ನು ಬಿಟ್ಟವನು ಒಂದು ನಂಬಿಕೆಯನ್ನು ಮಾತ್ರ ಬಿಡಲಿಲ್ಲ, ಊರಿನಲ್ಲಿ ತನಗಿದ್ದ ಸ್ಥಾನವನ್ನೂ ಬಿಟ್ಟನು. ಕಳ್ಳು ಇಳಿಸುವ ಕುಲವೃತ್ತಿಯೂ ಕೈಬಿಟ್ಟುಹೋಯಿತು. ಮಿಶನ್ ನೇಯ್ಗೆಯ ಶಾಲೆಗಳನ್ನೂ, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನೂ ಸ್ಥಾಪಿಸಿದುದಕ್ಕೆ ನೆಲೆ ಕಳೆದುಕೊಂಡ ಇವರಿಗೆ ಜೀವನೋಪಾಯ ಒದಗಿಸುವ ಅಗತ್ಯವು ಮುಖ್ಯ ಕಾರಣವಾಗಿತ್ತು. ಅಸ್ಮಿತೆಗೆ ತೆರಬೇಕಾದ ಬೆಲೆಯನ್ನು ದೈವಶಾಸ್ತ್ರದ ಗ್ರಂಥಗಳಿಗಿಂತ ಸ್ಪಷ್ಟವಾಗಿ ಈ ಕಾರ್ಖಾನೆಗಳ ಇತಿಹಾಸ ತಿಳಿಸುತ್ತದೆ. ಹಾಗೆ ರೂಪುಗೊಂಡ ಸಮುದಾಯ ಜರ್ಮನ್ ಪಡಿಯಚ್ಚೂ ಆಗಲಿಲ್ಲ, ಹಿಂದಿನಂತೆಯೂ ಉಳಿಯಲಿಲ್ಲ. ಜರ್ಮನ್ ರಾಗದ ಕೀರ್ತನೆ, ತುಳು ಮಾತು, ಕನ್ನಡ ಬೈಬಲ್, ಕಾರ್ಖಾನೆಯ ದುಡಿಮೆಗಳು ಕೂಡಿ ಒಂದು ಹೊಸ ಅಸ್ಮಿತೆಯನ್ನು ಕಟ್ಟಿದವು. ಆದುದರಿಂದ ಆ ಕೀರ್ತನೆಗಳನ್ನು ಪರಕೀಯವೆಂದು ಇಂದು ತಳ್ಳಿಹಾಕುವುದು, ತಲೆಮಾರುಗಳಿಂದ ಅವುಗಳಲ್ಲಿ ತಮ್ಮ ದುಃಖ ಸಂತೋಷಗಳನ್ನು ಹಾಡಿಕೊಂಡವರ ಅನುಭವವನ್ನೂ ತಳ್ಳಿಹಾಕಿದಂತೆ.

ಎರಡನೆಯ ವ್ಯಾಟಿಕನ್ ಮಹಾಸಭೆಯ (1962–65) ಅನಂತರ ಕೆಥೋಲಿಕ ವಲಯದಲ್ಲಿ ದೇಸೀಕರಣವು ಅಧಿಕೃತ ನೀತಿಯಾಯಿತು. ಬೆಂಗಳೂರಿನಲ್ಲಿ ಡಿ. ಎಸ್. ಅಮಲೋರ್ಪವದಾಸರ ನೇತೃತ್ವದಲ್ಲಿ ಆರಂಭವಾದ ರಾಷ್ಟ್ರೀಯ ಕೇಂದ್ರವು ಇದರ ಮುಖ್ಯ ನೆಲೆ. 1969ರಲ್ಲಿ ರೋಮ್ ಅನುಮೋದಿಸಿದ ಹನ್ನೆರಡು ಅಂಶಗಳಲ್ಲಿ ನೆಲದ ಮೇಲೆ ಕುಳಿತುಕೊಳ್ಳುವುದು, ಅಂಜಲಿಮುದ್ರೆ, ಆರತಿ, ಎಣ್ಣೆಯ ದೀಪ ಮುಂತಾದವು ಸೇರಿದ್ದವು. ಲ್ಯಾಟಿನ್ ಪೂಜಾವಿಧಿಯ ಏಕರೂಪತೆಯಿಂದ ಇದು ನಿಜವಾದ ಬಿಡುಗಡೆ. ಆದರೂ ‘ಭಾರತೀಯ’ವೆಂದು ಆರಿಸಿದ ಚಿಹ್ನೆಗಳಲ್ಲಿ ಬಹುಪಾಲು ದೇವಾಲಯದ ಗರ್ಭಗುಡಿಗೆ ಸೇರಿದವು. ಯಾವ ಗುಡಿಯೊಳಗೆ ತಮ್ಮ ಹಿರಿಯರಿಗೆ ಪ್ರವೇಶವಿರಲಿಲ್ಲವೋ ಆ ಗುಡಿಯ ಆರತಿಯನ್ನೇ ದಲಿತ ಕ್ರೈಸ್ತರು ತಮ್ಮ ಸಂಸ್ಕೃತಿಯೆಂದು ಒಪ್ಪಬೇಕಾಯಿತು. ಯೆರೂಸಲೇಮಿನ ಹಿರಿಯರು ಹೊರಿಸಲೊಲ್ಲದೆ ಹೋದ ಅನ್ಯರ ಅಸ್ಮಿತೆಯ ಹೊರೆಯೇ ಇಲ್ಲಿ ದೇಸೀಕರಣದ ಹೆಸರಿನಲ್ಲಿ ಹಿಂದಿರುಗಿತು.

ಇದಕ್ಕೆ ಪ್ರತಿಯಾಗಿ ಎದ್ದ ಧ್ವನಿಗಳಿಗೂ ಬೆಂಗಳೂರೇ ವೇದಿಕೆಯಾದುದು ಗಮನಾರ್ಹ. 1981ರಲ್ಲಿ ಇಲ್ಲಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಉಪನ್ಯಾಸವನ್ನು ದಲಿತ ದೈವಶಾಸ್ತ್ರದ ಆರಂಭಬಿಂದುವೆಂದು ಪರಿಗಣಿಸಲಾಗುತ್ತದೆ. 1998ರಲ್ಲಿ ಸತ್ಯನಾಥನ್ ಕ್ಲಾರ್ಕ್ ತಮಿಳುನಾಡಿನ ಪರೈಯರ ಚರ್ಮವಾದ್ಯವನ್ನೇ ಕ್ರಿಸ್ತನನ್ನು ಅರಿಯುವ ಸಂಕೇತವಾಗಿ ಗ್ರಹಿಸಿದರು. ಅಸ್ಪೃಶ್ಯತೆಯ ಗುರುತಾಗಿದ್ದ ವಾದ್ಯವೊಂದು ಹೀಗೆ ದೈವಶಾಸ್ತ್ರದ ಕೇಂದ್ರಕ್ಕೆ ಬಂದುದು ಮಹತ್ವದ ಪಲ್ಲಟ. ಪಾಡ್ದನಕ್ಕೆ ಅಂತಹ ಸ್ಥಾನ ದೊರೆಯಬಹುದೇ ಎಂಬುದನ್ನು ತುಳುನಾಡಿನ ಕ್ರೈಸ್ತ ಸಮುದಾಯವೇ ನಿರ್ಧರಿಸಬೇಕು. ವಿದ್ವಾಂಸರು ಅವರ ಪರವಾಗಿ ನಿರ್ಧರಿಸುವುದು ಹಳೆಯ ತಪ್ಪಿನ ಪುನರಾವೃತ್ತಿಯಾದೀತು.

ಹೀಗೆ ಕ್ರೈಸ್ತ ಶ್ರದ್ಧೆಗೆ ಅಸ್ಮಿತೆ ಅಪ್ರಸ್ತುತವೆಂಬ ಮಾತೂ, ಅಸ್ಮಿತೆಯನ್ನು ಹಾಗೆಯೇ ಉಳಿಸಿಕೊಳ್ಳಬಹುದೆಂಬ ಮಾತೂ ಚರಿತ್ರೆಯ ಮುಂದೆ ನಿಲ್ಲುವುದಿಲ್ಲ. ಸಂಸ್ಕೃತಿಯನ್ನು ಕಳಚಿಟ್ಟು ಸ್ವೀಕರಿಸಿದ ಶ್ರದ್ಧೆ ಎಲ್ಲಿಯೂ ಕಾಣದು. ಸಂಸ್ಕೃತಿಯಲ್ಲಿ ಏನನ್ನೂ ಕದಲಿಸದ ಶ್ರದ್ಧೆಯೂ ಕಾಣದು. ಕನ್ನಡ ಕ್ರೈಸ್ತ ಸಾಹಿತ್ಯದ ಅಧ್ಯಯನಗಳು ಇದುವರೆಗೆ ನಿಘಂಟು, ವ್ಯಾಕರಣ, ಪತ್ರಿಕೆಗಳ ಕೊಡುಗೆಯನ್ನು ಎಣಿಸುವುದರಲ್ಲಿ ಹೆಚ್ಚು ತೊಡಗಿವೆ. ಆ ಕಾಣಿಕೆಯನ್ನು ಸ್ವೀಕರಿಸಿದವರ ಹಾಡು, ಹೆಸರು, ಊಟ, ಮದುವೆ, ಸಾವಿನ ಆಚರಣೆಗಳಲ್ಲಿ ಏನು ಉಳಿಯಿತು, ಏನು ಅಳಿಯಿತು ಎಂಬುದರ ಶೋಧನೆ ನಡೆದಾಗ ಮಾತ್ರ ಈ ಸಾಹಿತ್ಯದ ಮೌಲ್ಯಮಾಪನ ಪೂರ್ಣಗೊಳ್ಳುತ್ತದೆ.