ಕತ್ತಿಯ ನಕಲು, ಕಥೆಯ ನಕಲು

ಸ್ವಾರಗೇಟದ ಬಸ್ ಸ್ಟ್ಯಾಂಡಿನಿಂದ ಸಾತಾರಾಕ್ಕೂ ಗಾಡಿ ಹೋಗುತ್ತವೆ, ವಿಜಯಪುರಕ್ಕೂ ಹೋಗುತ್ತವೆ. 1659ರ ನವೆಂಬರಿನಲ್ಲಿ ಪ್ರತಾಪಗಡದ ಬುಡದಲ್ಲಿ ಎದುರುಬದುರಾದ ಇಬ್ಬರಲ್ಲಿ ಒಬ್ಬರ ವಂಶದ ಗಾದಿ ಮುಂದೆ ನೆಲೆಯಾದದ್ದು ಮೊದಲನೆಯ ಊರಿನಲ್ಲಿ. ಇನ್ನೊಬ್ಬ ದಂಡು ಕಟ್ಟಿಕೊಂಡು ಹೊರಟದ್ದು ಎರಡನೆಯ ಊರಿನಿಂದ. ನಾನು ಎರಡನೆಯ ಊರಿನ ಕಡೆಯವನು. ಪುಣೆಗೆ ಬಂದು ಒಂಬತ್ತು ವರ್ಷವಾಯಿತು. ‘ಯಾವ ಊರು?’ ಎಂಬ ಪ್ರಶ್ನೆಗೆ ಉತ್ತರ ಕೊಟ್ಟಾಗೆಲ್ಲ ‘ಓಹೋ, ಅಫಜಲಖಾನನ ಊರಿನವರು’ ಎಂಬ ನಗೆಮಾತು ಬರುತ್ತದೆ. ಅದರಲ್ಲಿ ಕುಹಕವೇನಿಲ್ಲ, ಸಲಿಗೆಯೇ. ಆದರೆ ನಮ್ಮ ಆಫೀಸಿನ ಮೇಜೊಂದರ ಮೇಲೆ ಪೇಪರ್‌ವೇಟಿನಂತೆ ಕೂತಿರುವ ಉಕ್ಕಿನ ವಾಘನಖ ಅದೇ ಮಾತನ್ನು ದಿನವೂ ಹೇಳುತ್ತಿರುತ್ತದೆ.

ಈ ಪತ್ರಿಕೆಯಲ್ಲಿ ಪುಸ್ತಕ, ನಾಟಕ, ಸಿನಿಮಾಗಳ ವಿಮರ್ಶೆ ಬರುತ್ತದೆ. ಕಬ್ಬಿಣದ ವಿಮರ್ಶೆಯೂ ಒಂದು ಬರಲಿ. ಹಳೆಯ ಆಯುಧದ ನಕಲು ಮಾಡುವುದೂ ಒಂದು ಬಗೆಯ ಅನುವಾದವೇ. ಮೂಲವನ್ನು ಓದಿ ಮಾಡಿದ ಅನುವಾದವಿದೆ, ಮೂಲದ ಬಗ್ಗೆ ಕೇಳಿದ ಕಥೆಯನ್ನು ಓದಿ ಮಾಡಿದ ಅನುವಾದವಿದೆ. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಮಾಲು ಎರಡನೆಯ ಜಾತಿಯದು.

ಮೊದಲು ಆ ಮಾಲಿನ ಮಾತು. ತುಕ್ಕು ಹಿಡಿಯದ ಸ್ಟೀಲಿನ ತಗಡನ್ನು ಮಷಿನ್ನಿನಲ್ಲಿ ಕತ್ತರಿಸಿ, ಉಜ್ಜಿ, ಹೊಳಪು ಕೊಟ್ಟಿರುತ್ತಾರೆ. ಹಿಡಿ ಬೇರೆ ಎರಕ, ಮೇಲೆ ಹಿತ್ತಾಳೆ ಬಣ್ಣ. ಹಿಡಿಯೊಳಗೆ ಹೋಗುವ ಅಲಗಿನ ಬಾಲ ಬೆರಳುದ್ದದ ಸರಳು, ಅದನ್ನು ವೆಲ್ಡ್ ಮಾಡಿ ಕೂಡಿಸಿರುತ್ತಾರೆ. ಜೋರಾಗಿ ಬೀಸಿದರೆ ಅಲಗು ಒಂದು ಕಡೆ, ಹಿಡಿ ಒಂದು ಕಡೆ. ಬಾಯಿಗೆ ಸಾಣೆ ಇರುವುದಿಲ್ಲ. ಒಂಬತ್ತು ಇಂಚಿಗಿಂತ ಉದ್ದದ ಹರಿತ ಅಲಗಿಗೆ 1959ರ ಆಯುಧ ಕಾಯ್ದೆಯ ತೊಡಕಿದೆ. ಸನ್ಮಾನದ ವೇದಿಕೆಯಲ್ಲಿ ಪೇಟ ತೊಡಿಸಿ ಕೈಗೆ ಕೊಡುವುದು ಇದನ್ನೇ. ಫೋಟೋ ಮುಗಿದ ಮೇಲೆ ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಸನ್ಮಾನಿತರು ಅತ್ತಿತ್ತ ನೋಡುವುದನ್ನು ನೀವೂ ಕಂಡಿರುತ್ತೀರಿ.

ವಾಘನಖದ ನಕಲಿನಲ್ಲಿ ಈ ದೋಷ ಎದ್ದು ಕಾಣುತ್ತದೆ. ಒಂದು ಪಟ್ಟಿ, ಬೆರಳಿಗೆ ಉಂಗುರ, ಪಟ್ಟಿಯ ಕೆಳಗೆ ಬಾಗಿದ ಉಗುರುಗಳು, ಇಷ್ಟೇ ಆ ವಸ್ತು. ಹೊರಗಿನಿಂದ ನೋಡಿದವನಿಗೆ ಎರಡು ಉಂಗುರ ತೊಟ್ಟ ಕೈ ಕಾಣಬೇಕು, ಉಗುರು ಅಂಗೈಯೊಳಗೆ ಮಡಚಿರಬೇಕು. ಮೇಜಿನ ಮೇಲಿನ ನಕಲಿನ ಉಗುರುಗಳಾದರೋ ನಿಜವಾದ ಹುಲಿಗೂ ಭಾರವಾಗುವಷ್ಟು ದಪ್ಪ. ಮುಷ್ಟಿ ಮುಚ್ಚಿದರೆ ಮೊದಲು ಚುಚ್ಚುವುದು ನಮ್ಮ ಅಂಗೈಗೇ. ಕಾಣಬಾರದೆಂದು ಹುಟ್ಟಿದ ಆಯುಧವನ್ನು ಕಾಣಲೆಂದೇ ಮಾಡಿದರೆ ಆಗುವುದು ಹೀಗೆ.

ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಮ್ಮಿನ ವಾಘನಖ ಮೂರು ವರ್ಷದ ಕಡವಾಗಿ ಬಂದು, 2024ರ ಜುಲೈನಲ್ಲಿ ಸಾತಾರಾದ ಸಂಗ್ರಹಾಲಯದಲ್ಲಿ ಪ್ರದರ್ಶನಕ್ಕೆ ಬಂತು. ಅದು 1818ರಿಂದ ಕೆಲವು ವರ್ಷ ಸಾತಾರಾದಲ್ಲಿ ಕಂಪನಿಯ ಅಧಿಕಾರಿಯಾಗಿದ್ದ, ಮುಂದೆ ಮರಾಠರ ಇತಿಹಾಸ ಬರೆದ ಜೇಮ್ಸ್ ಗ್ರಾಂಟ್ ಡಫ್‌ನ ಬಳಿ ಇದ್ದದ್ದು. ಅವನ ಮನೆತನದಿಂದ ಮ್ಯೂಸಿಯಮ್ಮಿಗೆ ಹೋಯಿತು. ಪ್ರತಾಪಗಡದಲ್ಲಿ ಬಳಕೆಯಾದದ್ದು ಇದೇ ಎಂದು ಖಚಿತವಾಗಿ ಹೇಳಲಾಗದು ಎಂದು ಮ್ಯೂಸಿಯಮ್ಮಿನವರೇ ಹೇಳಿದ್ದಾರೆ. ಜೊತೆಗಿರುವ ಪೆಟ್ಟಿಗೆಯ ಮೇಲಿನ ಬರಹದಲ್ಲಿ ಸತ್ತವನನ್ನು ಮೊಗಲ್ ಸರದಾರ ಎಂದು ಕರೆದಿದೆ. ಅಫಜಲಖಾನ ಮೊಗಲರವನಲ್ಲ, ವಿಜಾಪುರದ ಆದಿಲಶಾಹಿಯವನು. ಮೂಲ ಎನ್ನಿಸಿಕೊಂಡ ವಸ್ತುವಿನ ಮೈಮೇಲೇ ಇಂಥ ಅಡ್ಡಹೆಸರು ಅಂಟಿರುವಾಗ, ಅದರ ನಕಲಿಗೆ ಎಷ್ಟು ಕಥೆ ಅಂಟಿಕೊಳ್ಳಬಹುದು!

ಇನ್ನು ಕೈಯಿಂದ ಕುಟ್ಟಿ ಮಾಡುವವರು. ಈ ಕೆಲಸ ನಮ್ಮ ದೇಶಕ್ಕೆ ಹೊಸದಲ್ಲ. ಡೆಹ್ರಾಡೂನಿನ ವಿಂಡ್ಲಾಸ್ ಸ್ಟೀಲ್‌ಕ್ರಾಫ್ಟ್ಸ್ 1943ರಿಂದ ಇದ್ದು, ಯುರೋಪಿನ ಹಳೆಯ ಕತ್ತಿಗಳ ಮಾದರಿಯನ್ನು ಮಾಡಿ ಅಮೆರಿಕಕ್ಕೆ ಮಾರುತ್ತದೆ. ನಾನಿಲ್ಲಿ ಹೇಳುತ್ತಿರುವುದು ಅದಕ್ಕಿಂತ ಸಣ್ಣ ಪ್ರಯತ್ನಗಳನ್ನು: ಸಂಗ್ರಹಾಲಯಕ್ಕೆ ಹೋಗಿ ಮೂಲವನ್ನು ಅಳೆದು, ಒಬ್ಬ ಕಂಬಾರನ ಕುಲುಮೆಯಲ್ಲಿ ಒಂದೇ ಒಂದು ತುಂಡು ಮಾಡಿಸುವ ಹುಚ್ಚರನ್ನು. ನನ್ನ ಗೆಳೆಯನೊಬ್ಬ ಹಾಗೆ ಒಂದು ತಲವಾರು, ಒಂದು ಯುದ್ಧದ ಕೊಡಲಿ ಮಾಡಿಸಿದ್ದಾನೆ. ಎರಡನ್ನೂ ಕೈಯಲ್ಲಿ ಹಿಡಿದು ನೋಡಿದ್ದೇನೆ. ಕಣ್ಣಿಗೆ ಅವು ಅಂಗಡಿಯ ಮಾಲಿನ ಮುಂದೆ ಬಡವಾಗಿ ಕಾಣುತ್ತವೆ.

ಕೊಡಲಿಯನ್ನು ಎತ್ತಿದಾಗ ಆಗುವ ಮೊದಲ ಅಚ್ಚರಿ ಅದರ ಹಗುರು. ನಮ್ಮೂರಲ್ಲಿ ಸೌದೆ ಒಡೆಯುವ ಕೊಡಲಿಯ ತಲೆ ದಪ್ಪ, ಬೆಣೆಯ ಹಾಗೆ, ಮರವನ್ನು ಸೀಳಬೇಕಲ್ಲ. ಯುದ್ಧದ ಕೊಡಲಿಗೆ ಸೀಳುವ ಕೆಲಸವಿಲ್ಲ. ಬೀಸಬೇಕು, ತಪ್ಪಿದರೆ ಕೂಡಲೇ ಹಿಂದಕ್ಕೆ ಎಳೆದುಕೊಳ್ಳಬೇಕು. ಹಾಗಾಗಿ ಅಲಗು ತೆಳ್ಳಗೆ, ಬಾಯಿ ಅಗಲ, ತೂಕ ಕಡಿಮೆ. ಕ್ಯಾಲೆಂಡರಿನ ಪರಶುರಾಮನ ಗಂಡುಗೊಡಲಿಯನ್ನೋ ಟಿವಿಯ ವೈಕಿಂಗರನ್ನೋ ನೋಡಿ ಮಾಡಿದ ನಕಲು ಐದು ನಿಮಿಷ ಹಿಡಿದರೆ ತೋಳು ಬೀಳುವಷ್ಟು ಭಾರ. ಅದನ್ನು ಮಾಡಿದವರು ಚಿತ್ರಕಾರನ ಭಯಭಕ್ತಿಯನ್ನು ನಕಲು ಮಾಡಿದ್ದಾರೆ.

ತಲವಾರಿನ ಹಿಡಿಯ ವಿಷಯ ಇನ್ನೂ ಸೊಗಸು. ಹಳೆಯ ಹಿಡಿಗಳು ನಮ್ಮ ಕೈಗೆ ಚಿಕ್ಕವೆನ್ನಿಸುತ್ತವೆ. ಮ್ಯೂಸಿಯಮ್ಮಿನಲ್ಲಿ ಯಾರಾದರೊಬ್ಬರು ‘ಆಗಿನ ಜನ ಗಿಡ್ಡರಿದ್ದರು’ ಎಂದು ಹೇಳದೆ ಮುಂದಕ್ಕೆ ಹೋಗುವುದಿಲ್ಲ. ನಕಲು ಮಾಡುವವರೂ ಗಿರಾಕಿಯ ಕೈಗೆ ಸಲೀಸಾಗಲಿ ಎಂದು ಹಿಡಿಯನ್ನು ಒಂದಿಂಚು ಬೆಳೆಸಿಬಿಡುತ್ತಾರೆ. ಆದರೆ ಹಿಡಿಯ ತುದಿಯ ಬಿಲ್ಲೆ ಮಣಿಕಟ್ಟಿಗೆ ತಾಗಿ, ಕೈ ಅಲ್ಲಾಡದಂತೆ ಬಿಗಿಯಾಗಿ ಕೂರಬೇಕೆಂದೇ ಅದನ್ನು ಅಷ್ಟು ಗಿಡ್ಡ ಮಾಡಿದ್ದು. ಆಗ ಮಣಿಕಟ್ಟಿನಿಂದ ತಿರುವಲು ಬರುವುದಿಲ್ಲ. ಇಡೀ ತೋಳಿನಿಂದ ಎಳೆದು ಕೊಯ್ಯಬೇಕು, ಬಾಗಿದ ಅಲಗು ಇರುವುದೂ ಅದಕ್ಕೇ. ಆ ಒಂದಿಂಚು ಬೆಳೆಸಿದರೆ ಒಂದು ಕಾಲದ ಯುದ್ಧವಿದ್ಯೆ ಅಳಿಸಿಹೋಗುತ್ತದೆ. ಅನುವಾದಕರು ಓದುಗರಿಗೆ ಅನುಕೂಲವಾಗಲೆಂದು ಮೂಲದ ಗಂಟುಗಳನ್ನು ಬಿಚ್ಚಿ ಸಪಾಟು ಮಾಡುತ್ತಾರಲ್ಲ, ಹಾಗೆ. ಗೆಳೆಯನ ತಲವಾರಿನಲ್ಲಿ ಹಿಡಿ ಚಿಕ್ಕದೇ ಇದೆ. ಅಲಗಿನ ಬಾಲವನ್ನು ಹಳೆಯ ಕ್ರಮದಂತೆ ಅರಗು ತುಂಬಿ ಕೂಡಿಸಿದ್ದಾರೆ, ವೆಲ್ಡಿಂಗ್ ಇಲ್ಲ. ಹಿಡಿದಾಗ ಮೊದಲು ಕೈ ಸಿಕ್ಕಿಬಿದ್ದಂತಾಯಿತು, ಬಳಿಕ ಅಲಗು ತೋಳಿನ ಮುಂದುವರಿಕೆಯಂತೆ ಕೂತಿತು. ಹತ್ತು ಪುಸ್ತಕ ಓದಿದರೂ ಇದು ನನಗೆ ತಿಳಿಯುತ್ತಿರಲಿಲ್ಲ.

ಹೀಗೆ ವಸ್ತುವಿಗೆ ನಿಷ್ಠವಾಗಿ ಹೊರಟವರಿಗೆ ಇನ್ನೊಂದು ಎದುರಾಗುತ್ತದೆ, ನನ್ನ ಆಸಕ್ತಿ ಹೆಚ್ಚಾಗಿ ಅದರಲ್ಲಿದೆ. ದಖ್ಖನಿನ ಕತ್ತಿಯೊಂದನ್ನು ತೆಗೆದುಕೊಂಡು ಇದು ಯಾರ ಕಡೆಯದು ಎಂದು ಬರೀ ಕಬ್ಬಿಣ ನೋಡಿ ಹೇಳಿ ಎಂದರೆ ಬಹಳ ಸಲ ಆಗುವುದಿಲ್ಲ. 17ನೇ ಶತಮಾನದಲ್ಲಿ ಇಲ್ಲಿ ಎಲ್ಲರಿಗೂ ಪ್ರಿಯವಾಗಿದ್ದ ಉದ್ದ ನೇರ ಕತ್ತಿಯ ಹೆಸರೇ ಫಿರಂಗಿ: ಅಲಗು ಯುರೋಪಿನದು, ಹಿಡಿ ಇಲ್ಲಿಯದು. ಕಠಾರಿಗಳಿಗೂ ಪರದೇಶದ ಅಲಗಿನ ತುಂಡುಗಳನ್ನು ಕೂಡಿಸುತ್ತಿದ್ದರು. ಆ ಕಠಾರಿಯ ಬೆರಳು ಮುಚ್ಚುವ ಕವಚವಿರುವ ಮಾದರಿ ವಿಜಯನಗರ, ತಂಜಾವೂರುಗಳ ಕಡೆಯದು. ಅಂದಮೇಲೆ ಪಕ್ಕಾ ಸ್ವದೇಶಿ ಎಂದು ಪೆಟ್ಟಿಗೆಯ ಮೇಲೆ ಬರೆದು ಮಾರುವ ಮರಾಠಾ ಕತ್ತಿಯ ಮೂಲ ಅಲಗು ಪರದೇಶದ ಹಡಗಿನಲ್ಲಿ ಬಂದದ್ದೂ ಇರಬಹುದು.

ಜನರ ಕಥೆಯೂ ಅಷ್ಟೇ ಕಲಬೆರಕೆ. ಶಿವಾಜಿ ಮಹಾರಾಜರ ತಂದೆ ಶಹಾಜಿ ಅದೇ ವಿಜಾಪುರದ ಸರದಾರ, ಬೆಂಗಳೂರು ಅವನ ಜಹಗೀರು, 1664ರಲ್ಲಿ ತೀರಿಕೊಂಡದ್ದು ನಮ್ಮ ಚನ್ನಗಿರಿ ಬಳಿಯ ಹೊದಿಗೆರೆಯಲ್ಲಿ. ಸಮಾಧಿ ಇಂದಿಗೂ ಅಲ್ಲಿದೆ. ಪ್ರತಾಪಗಡದ ಭೇಟಿಗೆ ಮುಂಚೆ ಖಾನನ ವಕೀಲನಾಗಿ ಹೋಗಿಬಂದವನು ಕೃಷ್ಣಾಜಿ ಭಾಸ್ಕರ ಎಂಬ ಬ್ರಾಹ್ಮಣ. ಶಿವಾಜಿ ಮಹಾರಾಜರ ಅಂಗರಕ್ಷಕರಲ್ಲಿ ಸಿದ್ದಿ ಇಬ್ರಾಹಿಂ ಇದ್ದನೆಂದು ಮರಾಠಿ ಆಧಾರಗಳೇ ಹೇಳುತ್ತವೆ. ಇದೆಲ್ಲ ಪುಣೆಯ ಓದಿದವರಿಗೆ ತಿಳಿಯದ್ದೇನಲ್ಲ. ಆದರೆ ಮೇಜಿನ ಮೇಲಿನ ವಾಘನಖಕ್ಕೆ ಇದು ತಿಳಿಯದು. ಅದರಲ್ಲಿ ಇರುವುದು ಇಬ್ಬರು ಮಾತ್ರ, ಒಬ್ಬ ಒಳ್ಳೆಯವನು, ಒಬ್ಬ ಕೆಟ್ಟವನು. ಕೆಟ್ಟವನ ಊರಿಗೆ ಹಬ್ಬಕ್ಕೆ ಹೋಗಲು ಟಿಕೆಟ್ ಬುಕ್ ಮಾಡುವ ನನ್ನಂಥವರು ಆ ಕಥೆಯಲ್ಲಿ ಎಲ್ಲಿ ನಿಲ್ಲಬೇಕು? ಗೆಳೆಯನ ತಲವಾರು ನನಗೆ ಇಂಥ ಪ್ರಶ್ನೆ ಕೇಳಲಿಲ್ಲ. ಅದನ್ನು ಎರಡೂ ದಂಡಿನವರು ಒಂದೇ ಬಗೆಯಲ್ಲಿ ಹಿಡಿಯುತ್ತಿದ್ದರು.

ಉಕ್ಕಿನ ವಿಷಯವನ್ನೂ ಸ್ವಲ್ಪ ಹೇಳಬೇಕು, ಅದು ನಮ್ಮ ಭಾಷೆಯ ಮನೆಯ ಮಾತು. ಇಂಗ್ಲಿಷಿನವರು ವೂಟ್ಜ್ ಎಂದು ಬರೆದ ಪದ ಕನ್ನಡದ ‘ಉಕ್ಕು’ವಿನಿಂದ ಹುಟ್ಟಿತೆಂಬುದು ಹೆಚ್ಚಿನ ವಿದ್ವಾಂಸರ ಮಾತು. ಜಾರ್ಜ್ ಪಿಯರ್ಸನ್ ಆ ಹೆಸರಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪ್ರಬಂಧ ಒಪ್ಪಿಸಿದ್ದು 1795ರಲ್ಲಿ. ಮುಂದೆ ಮೈಸೂರು ಸೀಮೆಯಲ್ಲಿ ತಿರುಗಿದ ಬುಕಾನನ್ ಉಕ್ಕಿನ ಕುಲುಮೆಗಳನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿ ಕಟ್ಟಿಗೆ, ಹಸಿರೆಲೆ ಇಟ್ಟು ಬಾಯಿ ಮುಚ್ಚಿ ಕಾಯಿಸುತ್ತಿದ್ದರು. ಹಾಗೆ ಬಂದ ಗಟ್ಟಿಯನ್ನು ಹದವಾದ ಕಾವಿನಲ್ಲಿ ಬಡಿದರೆ ಅಲಗಿನ ಮೈಮೇಲೆ ನೀರಿನ ಅಲೆಯಂಥ ಗೆರೆ ಏಳುತ್ತಿತ್ತು. ಕಾವು ಹೆಚ್ಚಾದರೆ ಸುತ್ತಿಗೆಯ ಕೆಳಗೆ ಪುಡಿಯಾಗುತ್ತಿತ್ತು. ಈಗ ಆನ್‌ಲೈನಿನಲ್ಲಿ ‘ಡಮಾಸ್ಕಸ್’ ಎಂದು ಮಾರುವ ಚಾಕುಗಳ ಗೆರೆ ಬೇರೆ. ಎರಡು ಬಗೆಯ ಉಕ್ಕಿನ ಪದರಗಳನ್ನು ಬೆಸೆದು, ಮಡಚಿ, ಆಸಿಡ್ ಹಚ್ಚಿ ತರಿಸಿದ್ದು. ಅದೂ ಕಷ್ಟದ ಕಸುಬೇ, ನಾನು ಹಳಿಯುವುದಿಲ್ಲ. ಹಳಿಯಬೇಕಾದದ್ದು ಸಾದಾ ತಗಡಿನ ಮೇಲೆ ಲೇಸರಿನಿಂದ ಗೆರೆ ಬರೆದು ಅದೇ ಹೆಸರಿಟ್ಟು ಮಾರುವುದನ್ನು.

ಹಳೆಯ ಅಲೆಗೆರೆಯನ್ನು ಮತ್ತೆ ತಂದವರಲ್ಲಿ ಅಮೆರಿಕದ ಇಬ್ಬರಿದ್ದಾರೆ: ಫ್ಲೋರಿಡಾದಲ್ಲಿ ಕುದುರೆಗೆ ಲಾಳ ಹೊಡೆಯುತ್ತಿದ್ದ ಆಲ್ಫ್ರೆಡ್ ಪೆಂಡ್ರೇ, ಅಯೋವಾದ ಲೋಹಶಾಸ್ತ್ರದ ಪ್ರೊಫೆಸರ್ ಜಾನ್ ವರ್ಹೋವನ್. ಕುಟ್ಟಿ, ಒಡೆದು, ಮತ್ತೆ ಕುಟ್ಟಿ, ಅದಿರಿನಲ್ಲಿದ್ದ ಅತ್ಯಲ್ಪ ವೆನೇಡಿಯಮ್ಮಿನಂಥ ಬೆರಕೆಯಿಂದ ಆ ಗೆರೆ ಮೂಡುತ್ತಿತ್ತು ಎಂದು 1998ರ ಹೊತ್ತಿಗೆ ತೋರಿಸಿದರು. ಮೂಲದ ಕಂಬಾರರಿಗೆ ಆ ಹೆಸರು ಗೊತ್ತಿರಲಿಲ್ಲ. ಯಾವ ಊರಿನ ಅದಿರು ಒಳ್ಳೆಯದೆಂಬುದು ಗೊತ್ತಿತ್ತು. ನಕಲು ಮಾಡುವುದು ಇಲ್ಲಿ ಸಂಶೋಧನೆಯೇ ಆಯಿತು. ನಕಲು ಎಂಬ ಮಾತಿಗೆ ನಾವು ಕೊಡುವ ತಿರಸ್ಕಾರ ಇಲ್ಲಿ ಹೊಂದುವುದಿಲ್ಲ.

ಕರ್ನಾಟಕದಲ್ಲಿ ಹಳೆಯ ಮಾದರಿಯ ಕತ್ತಿ ಇಂದಿಗೂ ಹೊಸದಾಗಿ ಹುಟ್ಟುವ ಒಂದು ಜಾಗ ಕೊಡಗು. ಅಲ್ಲಿ ಎರಡು ಕತ್ತಿಗಳ ಗತಿ ಬೇರೆಬೇರೆಯಾಗಿದೆ. ಮುಂದೆ ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿ ಬೆಳ್ಳಿ ಒರೆಯ ಒಡವೆಯಾಯಿತು. ಒಳಬಾಯಿಗೆ ಹರಿತವಿರುವ ಅಗಲದ ಒಡಿಕತ್ತಿ, ಬೆನ್ನ ಹಿಂದಿನ ತೋಡಂಗಿನಲ್ಲಿ ಒರೆಯಿಲ್ಲದೆ ನಿಲ್ಲುವಂಥದ್ದು, ಮದುವೆಯಲ್ಲಿ ಬಾಳೆಯ ದಿಂಡು ಕಡಿಯಬೇಕು. ಒಂದೇ ಏಟಿಗೆ ಕಡಿಯದಿದ್ದರೆ ನೆರೆದವರ ಮುಂದೆ ಮುಖಭಂಗ. ಆ ನಾಚಿಕೆಯ ಭಯ ಕಬ್ಬಿಣವನ್ನು ಪ್ರಾಮಾಣಿಕವಾಗಿ ಇಟ್ಟಿದೆ.

ಸ್ವಾರಗೇಟದಿಂದ ಮಂಡಯಿ ಕಡೆಗೆ ನಡೆದರೆ ಬಾಜೀರಾವ್ ರಸ್ತೆಯ ಬದಿಗೆ ರಾಜಾ ದಿನಕರ ಕೇಳಕರ್ ಸಂಗ್ರಹಾಲಯವಿದೆ. ಸತ್ತ ಮಗ ರಾಜಾನ ಹೆಸರಿನಲ್ಲಿ ದಿನಕರ ಕೇಳಕರರು ಕಟ್ಟಿದ್ದು; ಸಂಗ್ರಹ 20,000 ವಸ್ತುಗಳಿಗೂ ಹೆಚ್ಚು. ಕತ್ತಿ, ಕಠಾರಿ, ಢಾಲುಗಳಿವೆ. ಆದರೆ ಅದರ ಹೆಸರು ಉಳಿದಿರುವುದು ದೀಪ, ಅಡಕತ್ತರಿ, ಅಡುಗೆಮನೆಯ ಸಾಮಾನುಗಳಿಂದ. ನಕಲು ಮಾಡಿಸುವವರು ಮೇಲಿನ ಗೋಡೆಯ ತಲವಾರನ್ನು ನೋಡಿ ಹೊರಗೆ ಬರುತ್ತಾರೆ. ಒಬ್ಬರಾದರೂ ಆ ಅಡಕತ್ತರಿಗಳಲ್ಲಿ ಒಂದನ್ನು ಕುಟ್ಟಿಸಿ ನೋಡಬಾರದೇ? ಎರಡು ತೋಳು ಒಂದು ಕೀಲಿನಲ್ಲಿ ಕೂಡಿ, ಅಡಕೆ ಪುಡಿಯಾಗದಂತೆ ಹೋಳಾಗಬೇಕು. ತಲವಾರಿಗಿಂತ ಸುಲಭದ ಕೆಲಸವೇನಲ್ಲ.

ನಕಲು ಬೇಕಾಗಿರದ ಆಯುಧವೂ ಒಂದಿದೆ. ಹೆದ್ದಾರಿಯ ಬದಿಗೆ ತಾಡಪತ್ರಿ ಕಟ್ಟಿಕೊಂಡು ಕುಲುಮೆ ಹೂಡುವ ಘಿಸಾಡಿಗಳು ಲಾರಿಯ ಹಳೆಯ ಕಮಾನುಪಟ್ಟಿಯನ್ನು ಕಾಯಿಸಿ ಬಡಿದು ಕೊಯ್ತಾ ಮಾಡುತ್ತಾರೆ. ಗಂಡ ಇಕ್ಕಳ ಹಿಡಿದರೆ ಹೆಂಡತಿ ಚಮ್ಮಟಿಗೆ ಎತ್ತುತ್ತಾಳೆ. ಅಂಥ ಒಂದು ಕುಲುಮೆಯಲ್ಲಿ, ಸೊಲ್ಲಾಪುರದ ಕಡೆಯ ಕನ್ನಡ ಆಡುವ ಹೆಣ್ಣುಮಗಳಿಗೆ ಹಳೆಯ ಕಠಾರಿಯ ಫೋಟೋ ತೋರಿಸಿ, ‘ಇಂಥಾದ್ದು ಆಗ್ತದೇನ್ರಿ ಅಕ್ಕಾರ?’ ಎಂದು ಕೇಳಿದೆ. ಆಕೆ ಚಮ್ಮಟಿಗೆ ಇಳಿಸಿ, ‘ತೂಗ ಹಾಕಾಕ ಬೇಕೋ, ಕಡಿಯಾಕ ಬೇಕೋ ಮೊದಲ ಹೇಳ್ರಿ ತಮ್ಮಾ. ಹದ ಬ್ಯಾರೆ ಬ್ಯಾರೆ ಆಗ್ತೈತಿ’ ಎಂದಳು. ನಾನು ಈ ವಿಷಯದ ಮೇಲೆ ಓದಿದ್ದೆಲ್ಲ ಆ ಎರಡು ವಾಕ್ಯಗಳಲ್ಲಿ ಇತ್ತು.

ಪುಣೆಯ ಪತ್ರಿಕೆಗಳಲ್ಲಿ ಕೊಯ್ತಾ ಎಂದರೆ ಈಗ ಗಲ್ಲಿಯ ಪುಂಡರ ಗ್ಯಾಂಗು. ನಮ್ಮ ಕಡೆಯವರಿಗೆ, ಬೀಡದವರಿಗೆ ಅದು ಕಬ್ಬು ಕಡಿಯುವ ಕತ್ತಿ. ದೀಪಾವಳಿಯ ಆಚೀಚೆ ಹಾಸಿಗೆ, ಪಾತ್ರೆ, ಮಕ್ಕಳ ಸಮೇತ ಟ್ರ್ಯಾಕ್ಟರು ಏರಿ ಫ್ಯಾಕ್ಟರಿಗಳ ಕಡೆಗೆ ಹೋಗುವ ಕುಟುಂಬಗಳಲ್ಲಿ ಗಂಡಹೆಂಡತಿ ಸೇರಿ ‘ಒಂದು ಕೊಯ್ತಾ’. ಮುಂಗಡ ಹಣ ಲೆಕ್ಕ ಹಾಕುವುದೂ ಹಾಗೆಯೇ, ಇಷ್ಟು ಕೊಯ್ತಾಕ್ಕೆ ಇಷ್ಟು ಎಂದು. ಒಂಟಿಯಾಗಿ ಬಂದವರನ್ನು ಮುಕಾದಮ ಅರ್ಧ ಕೊಯ್ತಾ ಎಂದು ಬರೆದುಕೊಳ್ಳುತ್ತಾನೆ.